ಹೊಟ್ಟೆ ಮುಟ್ಟದ ಸಾಹೇಬರು

ಸಾಹೇಬರು ಹೊಟ್ಟೆಯ ಡಾಕ್ಟರು. ನಾನು ಅವರನ್ನು ಬಲ್ಲ ಅಷ್ಟೂ ವರ್ಷಗಳಲ್ಲಿ ಅವರು ಒಬ್ಬ ರೋಗಿಯ ಹೊಟ್ಟೆಯನ್ನಾದರೂ ಮುಟ್ಟಿದ್ದನ್ನು ಕಾಣಲಿಲ್ಲ. ಮುಟ್ಟುತ್ತಿದ್ದದ್ದು ತಮ್ಮದನ್ನೇ. ಭಾಷಣಕ್ಕೆ ನಿಂತರೆ ಎಡಗೈಯಲ್ಲಿ ಮೈಕು, ಬಲಗೈ ಕೋಟಿನ ಗುಂಡಿಯ ಮೇಲೆ. "ಎಲ್ಲ ರೋಗದ ಮೂಲ ಇಲ್ಲಿದೆ" ಎಂದು ಮರಾಠಿಯಲ್ಲಿ ಶುರುಮಾಡಿ, ಅದನ್ನು ಮೆಲ್ಲಗೆ ಸವರಿಕೊಳ್ಳುತ್ತ ಮುಕ್ಕಾಲು ಗಂಟೆ ಮಾತಾಡುತ್ತಿದ್ದರು. ಚೆನ್ನಾಗಿ ಬೆಳೆದ ಹೊಟ್ಟೆ. ಹೊಟ್ಟೆರೋಗದ ಹೆಸರಿನಲ್ಲಿ ಊರೂರು ತಿರುಗಿ ಉಂಡದ್ದೆಲ್ಲ ಅಲ್ಲಿ ಜಮೆಯಾಗಿತ್ತು.

ಇತ್ತೀಚೆಗೆ ಅವರು ತೀರಿಕೊಂಡರು. ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮ ತಾಲೂಕು ಕೇಂದ್ರ ಜತ್ತದ ಬಸ್ ಸ್ಟ್ಯಾಂಡಿನ ಎದುರು ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸು ಎದ್ದಿತು. ಅದರಲ್ಲಿ ಸತ್ತವರ ಮುಖಕ್ಕಿಂತ ಶ್ರದ್ಧಾಂಜಲಿ ಕೋರಿದವರ ಮುಖಗಳೇ ದೊಡ್ಡವಾಗಿದ್ದವು. ಸಾಹೇಬರು ಬದುಕಿದ್ದರೆ ಈ ಅಪಮಾನವನ್ನು ಸಹಿಸುತ್ತಿರಲಿಲ್ಲ ಎಂದು ನೆನೆದು ನನಗೆ ಸ್ವಲ್ಪ ಸಮಾಧಾನವಾಯಿತು. ವಳಸಂಗದಿಂದ ಅಬ್ಬಾ ಫೋನು ಮಾಡಿ, ಹೋದ ಮನುಷ್ಯನ ಮೇಲೆ ಇನ್ನು ಸಿಟ್ಟು ಇಟ್ಟುಕೊಳ್ಳಬೇಡ, ಬಿಟ್ಟುಬಿಡು ಮಗಳೇ ಎಂದು ನಮ್ಮ ಮನೆಯ ದಖನಿ ಉರ್ದುವಿನಲ್ಲಿ ಹೇಳಿದ. ಬಿಡಲು ನೋಡಿದೆ. ಆಗಲಿಲ್ಲ.

ಅವರು ಹುಟ್ಟಿದ್ದು ನಮ್ಮ ತಾಲೂಕಿನ ದರಿಬಡಚಿಯಲ್ಲಿ, ದೊಡ್ಡವರಾದದ್ದು ನಗರದಲ್ಲಿ. ದೊಡ್ಡವರಾದ ಮೇಲೆ ಒಂದು ನಿಧಿ ಕಟ್ಟಿದರು. ಹೊಟ್ಟೆ, ಕರುಳು, ಲಿವರಿನ ರೋಗಗಳ ಮೇಲೆ ಹೊಸದಾಗಿ ಸಂಶೋಧನೆ ಶುರುಮಾಡುವ ಎಳೆಯ ಡಾಕ್ಟರುಗಳಿಗೆ ಮೊದಲ ಧನಸಹಾಯ. ದೊಡ್ಡ ಸಂಸ್ಥೆಗಳು ದುಡ್ಡು ಕೊಡಬೇಕಾದರೆ ನೀವು ಆಗಲೇ ಏನಾದರೂ ಮಾಡಿ ತೋರಿಸಿರಬೇಕು, ಮಾಡಿ ತೋರಿಸಬೇಕಾದರೆ ಮೊದಲು ದುಡ್ಡು ಬೇಕು. ಈ ಸಿಕ್ಕು ಬಿಡಿಸಲಿಕ್ಕೆ ಕೊಡುವ ಹಣ. ಬಿತ್ತಲು ಕೊಡುವುದಾದ್ದರಿಂದ ಬೀಜನಿಧಿ ಎಂದು ಕರೆದರು. ವಿಚಾರ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನಿಧಿ ಪಡೆದವರನ್ನು ಅವರು "ನನ್ನ ಸಸಿಗಳು" ಎನ್ನುತ್ತಿದ್ದರು, ವೇದಿಕೆಯ ಮೇಲೆ ಕರೆದು ತಲೆ ಸವರುತ್ತಿದ್ದರು. ನಾನೂ ಅಂಥ ಒಂದು ಸಸಿ. ಎಂ.ಡಿ. ಮುಗಿಸಿದ, ಮೂವತ್ತು ದಾಟಿದ, ಆಗಲೇ ಅಲ್ಲೊಂದು ಇಲ್ಲೊಂದು ಕೂದಲು ಬೆಳ್ಳಗಾಗಿದ್ದ ಸಸಿ.

ಸಾಹೇಬರಿಗೆ ಒಂದು ಸಿದ್ಧಾಂತವಿತ್ತು. ನಮ್ಮ ಭಾಗದ ಹೊಟ್ಟೆಗಳನ್ನು ಕೆಡಿಸುವುದು ಖಾರ. ವಯಸ್ಸಿನಲ್ಲಿದ್ದಾಗ ಅವರು ಮೆಣಸಿನಕಾಯಿ ಮತ್ತು ಹೊಟ್ಟೆಹುಣ್ಣಿನ ಮೇಲೆ ಪ್ರಬಂಧ ಬರೆದು ಹೆಸರು ಮಾಡಿದ್ದರು. ಆಮೇಲೆ ಹೊಟ್ಟೆಹುಣ್ಣಿಗೆ ಬಹಳ ಮಟ್ಟಿಗೆ ಒಂದು ಸೂಕ್ಷ್ಮಾಣು ಕಾರಣ ಎಂದು ಗೊತ್ತಾಯಿತು, ಜಗತ್ತು ಮುಂದೆ ಹೋಯಿತು. ಸಾಹೇಬರು ಮೆಣಸಿನಕಾಯಿಯನ್ನು ಕೈಬಿಡಲಿಲ್ಲ. ನನಗಿಂತ ಮುಂಚೆ ಒಬ್ಬ ಹುಡುಗ ಬಂದಿದ್ದ. ಬಾವಿಯ ನೀರು ಮತ್ತು ಮಕ್ಕಳ ವಾಂತಿಭೇದಿಯ ಮೇಲೆ ಸಂಶೋಧನೆ ಮಾಡಬೇಕು ಎಂಬುದು ಅವನ ಆಸೆ. ಸಾಹೇಬರ ಕೈಯಿಂದ ಹೊರಬೀಳುವಷ್ಟರಲ್ಲಿ ಅವನು ಶಾಲೆ ಶಾಲೆ ತಿರುಗಿ, ಮನೆಯಲ್ಲಿ ರೊಟ್ಟಿಗೆ ಎಷ್ಟು ಚಟ್ನಿ ಹಚ್ಚಿಕೊಳ್ಳುತ್ತೀರಿ ಎಂದು ಮಕ್ಕಳನ್ನು ಕೇಳುತ್ತಿದ್ದ. ಇಷ್ಟಾಗಿ ಸಾಹೇಬರು ಮಾತ್ರ ಊಟಕ್ಕೆ ಕುಳಿತರೆ ಜೋಳದ ರೊಟ್ಟಿಯ ಮೇಲೆ ಕೆಂಪು ಖಾರವನ್ನು ದಪ್ಪಗೆ ಸವರಿ, ಮೇಲೆ ಎಣ್ಣೆ ಬಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ತಿನ್ನುತ್ತಿದ್ದರು. ಅವರಿಗೆ ಏನೂ ಆಗುತ್ತಿರಲಿಲ್ಲ. ಇದನ್ನು ಅವರ ಸಿದ್ಧಾಂತಕ್ಕೆ ವಿರುದ್ಧವಾದ ಪುರಾವೆ ಎಂದು ಯಾರೂ ಎತ್ತಿ ಹೇಳಲಿಲ್ಲ.

ಭಾಷೆಯನ್ನೂ ಅವರು ಅಂತಸ್ತು ನೋಡಿ ಬಡಿಸುತ್ತಿದ್ದರು. ಕಮಿಟಿಯವರಿಗೆ ಇಂಗ್ಲಿಷು. ವೇದಿಕೆಗೆ, ಸಕ್ಕರೆ ಕಾರ್ಖಾನೆಯವರಿಗೆ, ಆಮದಾರರಿಗೆ ಅಂದರೆ ನಮ್ಮ ಶಾಸಕರಿಗೆ, ಮರಾಠಿ. ಹುಟ್ಟಿನಿಂದ ಬಂದ ಕನ್ನಡ ಡ್ರೈವರಿಗೆ, ಅಡಿಗೆಯವಳಿಗೆ ಮತ್ತು ಸಿಟ್ಟು ತರಿಸಿದ ಸಸಿಗಳಿಗೆ. ನನ್ನನ್ನು ಮೊದಲು ಇಂಗ್ಲಿಷಿನಲ್ಲಿ ಕೂರಿಸಿದರು, ಕೆಲವು ತಿಂಗಳಲ್ಲಿ ಮರಾಠಿಗೆ ಇಳಿಸಿದರು. ಕನ್ನಡಕ್ಕೆ ಇಳಿಸಿದ ದಿನ ನಿಧಿಯಲ್ಲಿ ನನ್ನ ಆಟ ಮುಗಿಯಿತೆಂದು ತಿಳಿದುಕೊಂಡೆ. ಆ ದಿನದ ಮಾತೇ ಮುಂದೆ ಬರುತ್ತದೆ.

ನಾನು ಸಂಶೋಧನೆ ಮಾಡಬೇಕೆಂದಿದ್ದ ರೋಗಕ್ಕೂ ಖಾರಕ್ಕೂ ಸಂಬಂಧವಿಲ್ಲ. ಅಬ್ಬಾ ಕುರಿ ವ್ಯಾಪಾರಿ. ಹಟ್ಟಿ ಹಟ್ಟಿ ತಿರುಗಿ ಕುರಿ ಕೊಂಡು ಸಂತೆಗೆ ಹೊಡೆಯುವವನು. ಅವನ ಬೆನ್ನ ಹಿಂದೆ ತಿರುಗಿದ ನಾನು ಸಣ್ಣಂದಿನಿಂದಲೂ ಒಂದನ್ನು ನೋಡಿದ್ದೆ. ಕುರಿ ಕೊಯ್ದಾಗ ಅದರ ಲಿವರಿನಲ್ಲಿ ನೀರುಗುಳ್ಳೆ ಕಂಡರೆ ಆ ತುಂಡನ್ನು ಬೇರೆ ಮಾಡಿ ನಾಯಿಗೆ ಎಸೆಯುತ್ತಾರೆ. ಮನುಷ್ಯರು ತಿನ್ನಬಾರದು ಎಂಬ ತಿಳಿವಳಿಕೆಯೂ ಇದೆ, ಹಿಂಡು ಕಾಯುವ ನಾಯಿಗೂ ಒಂದು ಪಾಲು ಸಲ್ಲಲಿ ಎಂಬ ದಯೆಯೂ ಇದೆ. ಕೆಡುವುದು ಅಲ್ಲೇ. ಆ ಗುಳ್ಳೆಯಲ್ಲಿ ಒಂದು ಹುಳದ ಮರಿಗಳಿರುತ್ತವೆ. ನಾಯಿಯ ಕರುಳಿನಲ್ಲಿ ಅವು ದೊಡ್ಡವಾಗಿ ಮೊಟ್ಟೆ ಇಡುತ್ತವೆ, ಮೊಟ್ಟೆ ನಾಯಿಯ ಮಲದಲ್ಲಿ ಹೊರಬೀಳುತ್ತದೆ, ಹುಲ್ಲಿಗೆ, ನೀರಿಗೆ, ಕೈಗೆ ಅಂಟಿ ತಿರುಗಿ ಕುರಿಯ ಹೊಟ್ಟೆಗೂ ಮನುಷ್ಯರ ಹೊಟ್ಟೆಗೂ ಸೇರುತ್ತದೆ. ಮನುಷ್ಯರ ಲಿವರಿನಲ್ಲಿ ಆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ನೋವಿಲ್ಲ, ಜ್ವರವಿಲ್ಲ, ಒಂದಿಷ್ಟು ಭಾರ ಅಷ್ಟೇ. ಎಂದಾದರೂ ಪೆಟ್ಟು ಬಿದ್ದು ಒಡೆದರೆ ಮೈತುಂಬ ದದ್ದು ಎದ್ದು, ಉಸಿರು ಕಟ್ಟಿ, ಆಸ್ಪತ್ರೆ ಮುಟ್ಟುವುದರೊಳಗೆ ಪ್ರಾಣ ಹೋಗಬಹುದು. ಮೊದಲೇ ಗೊತ್ತಾದರೆ ಗುಳಿಗೆಯಿಂದಲೋ ಆಪರೇಶನ್ನಿನಿಂದಲೋ ವಾಸಿಯಾಗುತ್ತದೆ. ಗೊತ್ತಾಗಲು ಒಂದು ಸ್ಕ್ಯಾನ್ ಸಾಕು.

ನಮ್ಮ ಕುರುಬರು ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಕೃಷ್ಣಾ ನದಿಯ ಕಡೆಗೆ ಹೋಗುತ್ತಾರೆ, ಮಳೆಯ ಜೊತೆಗೆ ತಿರುಗಿ ಬರುತ್ತಾರೆ. ಅವರು ಹೋಗುವುದರೊಳಗೆ ದರಿಬಡಚಿಯ ಸುತ್ತಲಿನ ಹಟ್ಟಿಗಳಿಗೆ ಎತ್ತಿ ಒಯ್ಯುವ ಸ್ಕ್ಯಾನ್ ಮಷಿನ್ ತಂದು, ಎಲ್ಲರ ಹೊಟ್ಟೆ ನೋಡಬೇಕು. ಇದು ನನ್ನ ಯೋಜನೆ. ಅದು ಪಾಸಾದದ್ದು ಸಾಹೇಬರಿಗೆ ಮಧ್ಯಾಹ್ನದ ನಿದ್ದೆ ಬಂದಿದ್ದರಿಂದ. ನಾನು ಹೇಳುತ್ತಿದ್ದಾಗ ಅವರ ತಲೆ ಎದೆಯ ಮೇಲೆ ಬಾಗಿತ್ತು, ಉಳಿದ ಸದಸ್ಯರು ಒಪ್ಪಿಬಿಟ್ಟರು. ಎಚ್ಚರವಾದ ಮೇಲೆ ಅವರು ಅಭಿನಂದಿಸಿ, "ಖಾರದ ಬಗ್ಗೆಯೂ ಒಂದು ಪ್ರಶ್ನೆ ಸೇರಿಸು" ಎಂದರು. ಸೇರಿಸಿದೆ.

ಒಂದು ಮಾತು ಒಪ್ಪಬೇಕು. ಸಾಹೇಬರಿಗೆ ಕೇಳುವ ಕಲೆ ಒಲಿದಿತ್ತು. ಯಾವ ಶ್ರೀಮಂತನ ಪಡಸಾಲೆಯಲ್ಲಿ ಕುಳಿತರೂ ಚಹಾ ಮುಗಿಯುವುದರೊಳಗೆ ಅವನ ಕೈಯನ್ನು ಜೇಬಿಗೆ ಇಳಿಸುತ್ತಿದ್ದರು. ಅವರಿಲ್ಲದಿದ್ದರೆ ಅಂಥ ಮಷಿನ್ ನಮ್ಮ ಮಣ್ಣು ತುಳಿಯುತ್ತಿರಲಿಲ್ಲ, ಕುರುಬರ ಲಿವರಿಗೆ ದುಡ್ಡು ಹಾಕುವವರು ಬೇರೆ ಯಾರೂ ಇರಲಿಲ್ಲ. ಇದನ್ನು ಒಪ್ಪಿ ಮುಂದೆ ಹೋಗುತ್ತೇನೆ.

ಮಷಿನ್ ಬರುವ ಮುಂಚೆ ನಾನು ಹಟ್ಟಿಗಳನ್ನು ಸುತ್ತಿ ಬಂದೆ. ಕುರಿಸಾಬನ ಮಗಳೆಂದು ಎಲ್ಲರಿಗೂ ಗುರುತು. ಅಬ್ಬಾ ಬಹಳ ವರ್ಷಗಳಿಂದ ಕುರಿ ಕೊಳ್ಳುತ್ತಿದ್ದ ಮಾಳಪ್ಪನ ಹಟ್ಟಿಯಲ್ಲಿ ಅವನ ಹೆಂಡತಿ ಲಗಮವ್ವ ನನಗೆ ಮಜ್ಜಿಗೆ ಕೊಟ್ಟು, ಮಾತಿನ ನಡುವೆ ಬಲಗಡೆ ಪಕ್ಕೆಯ ಕೆಳಗೆ ಕೈ ಇಟ್ಟುಕೊಂಡಳು. ಕಂಬಳಿಯ ಮೇಲೆ ಮಲಗಿಸಿ ಒತ್ತಿ ನೋಡಿದೆ. ನುಣ್ಣಗೆ, ಗಟ್ಟಿಯಾಗಿ ಏನೋ ಕೈಗೆ ಹತ್ತಿತು.

"ಯಾವಾಗಿಂದ ಐತಿ ಅಕ್ಕಾ ಇದು?"

"ಏನ್ ಹೇಳ್ಲೆ ತಂಗಿ. ಸಣ್ಣ ಮಗಳನ್ನ ಹಡದಾಗಿಂದ ಭಾರ ಅನಸ್ತದ. ನೋವೇನ ಇಲ್ಲ."

"ಮಿರಜ ದವಾಖಾನಿಗೆ ನಡಿ, ನಾನೂ ಬರ್ತೀನಿ. ಒಂದ ದಿನದ ಕೆಲಸ."

"ಹಿಂಡ ಬಿಟ್ಟ ಎಲ್ಲಿಗೆ ಬರ್ಲೆ? ನಿನ್ನ ಮಷಿನ್ ಇಲ್ಲೇ ಬರತದಂತಲ್ಲ. ಆವಾಗ ಮೊದಲ ನನ್ನ ನೋಡು."

ಮೊದಲು ನಿನ್ನನ್ನೇ ನೋಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮಷಿನ್ ದಸರೆಗಿಂತ ಮುಂಚೆಯೇ ನಗರಕ್ಕೆ ಬಂತು. ಅದನ್ನು ಊರೂರಿಗೆ ಒಯ್ಯುವುದು ಸುಲಭವಲ್ಲ, ಬಸಿರಿನಲ್ಲಿ ಗಂಡೋ ಹೆಣ್ಣೋ ನೋಡುತ್ತಾರೆಂಬ ಭಯದಿಂದ ಸರ್ಕಾರ ಬಿಗಿ ಕಾಯ್ದೆ ಮಾಡಿದೆ. ಕಚೇರಿ ಕಚೇರಿ ಅಲೆದು ಪರವಾನಗಿ ತಂದೆ, ಅದಕ್ಕೂ ಒಂದು ಅವಧಿ ಇತ್ತು. ಇಷ್ಟೆಲ್ಲ ಆದ ಮೇಲೆ ಸಾಹೇಬರು ಮಷಿನ್ನನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಖಂಡೇನವಮಿಯ ಆಯುಧಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ ಬಿತ್ತು. ಹೂವು ಬಾಡಿತು, ಬೀಗ ತೆಗೆಯಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: ಆಮದಾರರ ತಾರೀಖು ಸಿಗಲಿ, ಉದ್ಘಾಟನೆ ಆಗಲಿ. ಕುರುಬರು ಹೊರಟುಬಿಡುತ್ತಾರೆ ಸರ್ ಎಂದೆ. ಅವರು ನಕ್ಕು, "ಕುರುಬರು ಎಲ್ಲಿ ಹೋಗ್ತಾರೆ, ಮುಂದಿನ ವರ್ಷವೂ ಕುರಿ ಇರ್ತವೆ" ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಕುರಿಗಳ ಬಗ್ಗೆ ಅವರು ಹೇಳಿದ್ದು ಸರಿಯಾಗಿತ್ತು.

ದೀಪಾವಳಿ ಹೊಸ್ತಿಲಿಗೆ ಬಂದಾಗ ತಾರೀಖು ಸಿಕ್ಕಿತು. ದರಿಬಡಚಿಯ ಸಮಾಜಮಂದಿರದ ಮುಂದೆ ಪೆಂಡಾಲು ಎದ್ದಿತು. ಮಧ್ಯಾಹ್ನ ಬರಬೇಕಾದ ಆಮದಾರರು ಹೊತ್ತು ಇಳಿಯುವಾಗ ಬಂದರು. ಶಾಲು, ತೆಂಗಿನಕಾಯಿ, ಕೇಸರಿ ರುಮಾಲು ಎಲ್ಲರಿಗೂ ಸಂದವು. ಮಷಿನ್ ಮೇಜಿನ ಮೇಲೆ ಕುಳಿತಿತ್ತು. ಫೋಟೋದಲ್ಲಿ ಪರದೆ ಹೊಳೆಯಬೇಕೆಂದು ಸಾಹೇಬರು ಅದನ್ನು ಮೊದಲೇ ಚಾಲೂ ಮಾಡಿಸಿದ್ದರು. ಧೂಳು ಬೀಳಬಾರದೆಂದು ನಾನು ಅದಕ್ಕೆ ಒಂದು ಶುಭ್ರ ಬಟ್ಟೆ ಹೊಚ್ಚಿದ್ದೆ. ಆಗ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು. ಕುರುಬರ ದೇವರಿಗೆ ಅರಿಸಿನದ ಪುಡಿ ಹಾರಿಸುವ ಪದ್ಧತಿ ಉಂಟಲ್ಲ, ಭಂಡಾರ ಅನ್ನುತ್ತೇವಲ್ಲ, ಅದು ಆಕಾಶಕ್ಕೆ ಹಳದಿ ಮೋಡದ ಹಾಗೆ ಏಳುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಊರಿನವರು ಆ ದಿನದ ಮೆರವಣಿಗೆಗೆ ತಂದಿಟ್ಟ ಭಂಡಾರದ ಚೀಲ ಹತ್ತಿರವೇ ಇತ್ತು.

"ಸುಮ್ಮನ ಯಾಕ ನಿಂತೀರಿ? ಭಂಡಾರ ಹಾರಸ್ರಿ" ಎಂದರು.

ನಾನು ಅಡ್ಡ ಹೋದೆ. ಅದರೊಳಗೆ ಗಾಳಿ ಎಳೆಯುವ ಫ್ಯಾನ್ ಇದೆ, ಪುಡಿ ಒಳಗೆ ಹೋದರೆ ಮಷಿನ್ ಕೆಡುತ್ತದೆ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕ್ಯಾಮೆರಾದ ಕಡೆಗೇ ಮುಖ ಇಟ್ಟು, ವಿಜ್ಞಾನವು ಸಂಸ್ಕೃತಿಯನ್ನು ಗೌರವಿಸುವುದನ್ನು ಕಲಿಯಬೇಕು ಎಂದು ಮರಾಠಿಯಲ್ಲಿ, ಆಮದಾರರಿಗೆ ಕೇಳುವಂತೆ ಉತ್ತರಿಸಿದರು. ಉತ್ತರಿಸಿ ತಮ್ಮ ಕೈಯಿಂದಲೇ ಬಟ್ಟೆಯನ್ನು ಎಳೆದು ತೆಗೆದರು.

ಮುಂದೆ ನಿಂತಿದ್ದ ಮಾಳಪ್ಪ ಮುಷ್ಟಿಯಲ್ಲಿ ಭಂಡಾರ ಹಿಡಿದು ಅನುಮಾನಿಸಿದ. "ಮಷಿನ್ ಮ್ಯಾಲ ಹಾಕೂದೇನ್ರಿ ಸಾಹೇಬ್ರ?"

"ಹಾಕೋ. ನಿಮ್ಮ ಜೀವಾ ಉಳಸೂ ದೇವರ ಇದು."

ಮಾಳಪ್ಪ ಹಾಕಿದ. ಸುತ್ತ ನಿಂತವರೂ ಹಾಕಿದರು. ಹಳದಿ ಮೋಡ ಎದ್ದಿತು, ಕ್ಯಾಮೆರಾಗಳು ಮಿನುಗಿದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಟ್ಟ ಮಾತಿನಂತೆ ನಾನು ಲಗಮವ್ವನನ್ನೇ ಮೊದಲು ಮಂಚದ ಮೇಲೆ ಮಲಗಿಸಿದೆ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಕೈಯನ್ನು ಪಕ್ಕೆಯ ಕೆಳಗೆ ಸರಿಸುವುದರೊಳಗೆ ಸುಟ್ಟ ಅರಿಸಿನದ ವಾಸನೆ ಬಂತು. ಪರದೆ ಒಮ್ಮೆ ನಡುಗಿ ಕಪ್ಪಾಯಿತು, ಮತ್ತೆ ಹತ್ತಲೇ ಇಲ್ಲ.

ಆಮದಾರರು ನೋಡುತ್ತಿದ್ದರು. ಸಾಹೇಬರು ಹಿಂಜರಿಯುವ ಪೈಕಿ ಅಲ್ಲ. ಮಂಚದ ಹತ್ತಿರ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿದರು.

"ಏನ ಆಗ್ತದವಾ ನಿನಗ?"

"ಬಲಕ್ಕ ಭಾರ ಅನಸ್ತದ್ರಿ."

"ರೊಟ್ಟಿಗೆ ಏನ ಹಚ್ಕೊಂಡ ತಿಂತಿ?"

"ಖಾರಾರಿ."

"ಮತ್ತ. ಖಾರ ಬಿಡು, ಆರಾಮ ಆಗ್ತದ. ಇದಕ್ಕ ಮಷಿನ್ ಯಾಕ ಬೇಕು?" ಎಂದು ಆಮದಾರರ ಕಡೆ ತಿರುಗಿ ನಕ್ಕರು. ಆಮದಾರರೂ ನಕ್ಕರು.

ಅವರು ಆ ಕಡೆ ಹೋದ ಮೇಲೆ ನಾನು ಲಗಮವ್ವನಿಗೆ ಹೇಳಿದೆ, ಇದು ಖಾರದ್ದಲ್ಲ, ನಾಳೆಯೇ ಮಿರಜಿಗೆ ಹೋಗೋಣ ಅಂತ. ಅವಳು ಸೀರೆ ಸರಿಮಾಡಿಕೊಳ್ಳುತ್ತ ನನ್ನನ್ನೇ ಸಮಾಧಾನಪಡಿಸಿದಳು. "ದೊಡ್ಡ ಡಾಕ್ಟರ ಹೇಳಿದ್ರಲ್ಲ ತಂಗಿ. ಖಾರ ಬಿಡ್ತೀನಿ ತಗೋ. ಹಬ್ಬ ಮುಗದ ಕೂಡಲೆ ಹಿಂಡ ಹೊಂಡತದ, ತಿರುಗಿ ಬಂದ ಮ್ಯಾಲ ನೋಡೂಣು." ಅವಳಿಗೆ ತನ್ನ ಊರಿನಲ್ಲಿ ಹುಟ್ಟಿ ದೇಶ ತಿರುಗಿದ ಸಾಹೇಬರ ಮಾತು ದೊಡ್ಡದೋ, ಕುರಿಸಾಬನ ಮಗಳ ಮಾತು ದೊಡ್ಡದೋ? ಎಷ್ಟು ಕೈಹಿಡಿದು ಕೇಳಿಕೊಂಡರೂ ಬರಲಿಲ್ಲ.

ನಾನು ಮಷಿನ್ನನ್ನು ಕಾರಿಗೆ ಹೊರಿಸುತ್ತಿದ್ದಾಗ ಸಾಹೇಬರು ಪೆಂಡಾಲಿನಲ್ಲಿ ಮಾಳಪ್ಪನನ್ನೂ ಇನ್ನಿಬ್ಬರನ್ನೂ ನಿಲ್ಲಿಸಿಕೊಂಡು ಏನೋ ಹೇಳುತ್ತಿದ್ದರು. ದೂರದಿಂದ ಅವರ ಬೆರಳು ಮಾತ್ರ ಕಂಡಿತು, ಮಾತು ಕೇಳಿಸಲಿಲ್ಲ. ಕಾರು ಹೊರಟ ಮೇಲೆ, ಹಾರಿಸಿ ಅಂದವರು ನೀವೇ ಅಲ್ಲವೇ ಸರ್, ಬಟ್ಟೆ ತೆಗೆದವರೂ ನೀವೇ ಎಂದೆ. ಅವರು ಕಿಟಕಿಯ ಕಡೆ ನೋಡುತ್ತ, ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು.

"ಕುರಿ ಮಾರೋರ ಮನಿಯಿಂದ ಎತ್ತಿ ತಂದ ಕುಂದ್ರಿಸೀನಿ ನಿನ್ನ. ನೆಪ್ಪಿರಲಿ."

ಮಷಿನ್ ಬಿಚ್ಚಿದ ಕಂಪನಿಯ ಹುಡುಗ ಒಳಗಿನದನ್ನು ನನಗೆ ತೋರಿಸಿದ. ಎಲ್ಲ ಭಾಗಕ್ಕೂ ಹಳದಿ ಪುಡಿ ಮೆತ್ತಿಕೊಂಡಿತ್ತು. ಅವನು ಅದನ್ನು ಸರಿಮಾಡಿ ಕೊಡುವಷ್ಟರಲ್ಲಿ ಪರವಾನಗಿಯ ಅವಧಿಯೂ ಮುಗಿದಿತ್ತು, ಹಟ್ಟಿಗಳೂ ಖಾಲಿಯಾಗಿದ್ದವು. ದಾನ ಕೊಟ್ಟವರಿಗೆ ಸಾಹೇಬರು ಕಳಿಸಿದ ವರದಿಯಲ್ಲಿ, ಸ್ಥಳೀಯ ಜನರ ಅಜ್ಞಾನದಿಂದ ಯೋಜನೆಗೆ ವಿಘ್ನ ಬಂತೆಂದು ಬರೆದಿತ್ತು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ನಾನು ಸಹಿ ಹಾಕದೆ ನಿಧಿ ಬಿಟ್ಟು ಬಂದೆ. ನಿಧಿಯ ಆ ವರ್ಷದ ಪುಸ್ತಿಕೆಯ ಮುಖಪುಟದ ಮೇಲೆ ಅದೇ ಹಳದಿ ಮೋಡ, ಅದರ ನಡುವೆ ಕೈಯೆತ್ತಿ ನಿಂತ ಸಾಹೇಬರು. ಫೋಟೋ ನಿಜವಾಗಿಯೂ ಚೆನ್ನಾಗಿ ಬಂದಿತ್ತು.

ಚಳಿಗಾಲ ಮುಗಿಯುವಾಗ ಅಬ್ಬಾ ಸುದ್ದಿ ತಂದ. ನದಿಯ ಕಡೆ ಒಂದು ಊರಿನ ಹೊರಗೆ ಟೆಂಪೋಕ್ಕೆ ಕುರಿ ಏರಿಸುವಾಗ ಒಂದು ಹೋತು ಲಗಮವ್ವನ ಪಕ್ಕೆಗೆ ಗುದ್ದಿತಂತೆ. ಮೈಯೆಲ್ಲ ದದ್ದು ಎದ್ದು, ತುಟಿ ಬಾತು, ಉಸಿರು ಸಿಗದೆ ಅದೇ ಟೆಂಪೋದಲ್ಲಿ ದಾರಿಯಲ್ಲೇ ಹೋದಳಂತೆ. ಮಾಳಪ್ಪ ನದಿಯ ದಂಡೆಯಲ್ಲೇ ಮಣ್ಣು ಮಾಡಿ, ಹಿಂಡಿನ ಜೊತೆ ಮುಂದೆ ನಡೆದನಂತೆ.

ನಾನು ಅಳುತ್ತ ಕೂರಲಿಲ್ಲ. ಬಸ್ಸು ಹತ್ತಿ ನಗರಕ್ಕೆ ಹೋಗಿ, ಸಾಹೇಬರ ಕೋಣೆಯ ಬಾಗಿಲು ತಳ್ಳಿ, ನಿಂತೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಕ್ಷಣ ಅವರ ಮುಖ ಇಳಿಯಿತು, ಇವರಿಗೂ ತಟ್ಟಿತು ಎಂದುಕೊಂಡೆ.

"ಆಕಿ ಹೆಸರು ನಮ್ಮ ಸ್ಟಡಿಯಾಗ ಬರಕೊಂಡಿದ್ದೇನ?"

"ಇಲ್ಲ. ಮಷಿನ್ ಅಷ್ಟರಾಗ ಕೆಟ್ಟಿತ್ತು."

"ಹಂಗಾದ್ರ ಚಿಂತಿ ಇಲ್ಲ" ಎಂದು ಕನ್ನಡಕ ಹಾಕಿಕೊಂಡರು.

ನಾನು ಆಮೇಲೆ ಬೇರೆ ಕಡೆ ಕೆಲಸ ಹಿಡಿದೆ, ಸಣ್ಣ ಪುಟ್ಟ ದುಡ್ಡು ಕೂಡಿಸಿಕೊಂಡು ಅದೇ ರೋಗದ ಬೆನ್ನು ಹತ್ತಿದ್ದೇನೆ. ಸಾಹೇಬರನ್ನು ಮತ್ತೆ ಭೇಟಿಯಾಗಲಿಲ್ಲ. ಅವರ ಹೆಸರು ಕೇಳಿದಾಗಲೆಲ್ಲ ನನಗೆ ಸಿಟ್ಟಿಗಿಂತ ಹೇಸಿಕೆ ಹೆಚ್ಚು ಬರುತ್ತಿತ್ತು. ಇದಕ್ಕಿಂತ ಕೀಳಾದದ್ದನ್ನು ಆ ಮನುಷ್ಯ ಮಾಡಿರಲಾರ ಎಂದುಕೊಂಡಿದ್ದೆ. ಮಾಡಿದ್ದರು. ಅದು ಗೊತ್ತಾದದ್ದು ದರಿಬಡಚಿಯಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆಯಲ್ಲಿ.

ಅಬ್ಬಾನ ಒತ್ತಾಯಕ್ಕೆ ಹೋದೆ. ವೇದಿಕೆಯ ಮೇಲೆ ಹಾರ ಹಾಕಿದ ಫೋಟೋ, ಮೊದಲ ಸಾಲಿನಲ್ಲಿ ಸಾಹೇಬರ ಮಗ, ಮೈಕಿನಲ್ಲಿ ಒಬ್ಬರಾದ ಮೇಲೊಬ್ಬರು. ಹಿಂದುಗಡೆ ಕಂಬದ ಪಕ್ಕದಲ್ಲಿ ಮಾಳಪ್ಪ ನೆಲದ ಮೇಲೆ ಕುಳಿತು ಅಳುತ್ತಿದ್ದ. ಸುಮ್ಮನೆ ಕಣ್ಣೊರೆಸಿಕೊಳ್ಳುವ ಅಳುವಲ್ಲ, ಭುಜ ಕುಣಿಯುತ್ತಿದ್ದವು. ಹತ್ತಿರ ಹೋಗಿ ಕುಳಿತೆ.

"ದೊಡ್ಡ ಮನಷ್ಯಾ ರಿ ಡಾಕ್ಟರ ಬಾಯಾರ. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೊಂಡ್ರು."

"ಯಾವ ತಪ್ಪ ಮಾಳಪ್ಪಣ್ಣ?"

ಅವನು ತಲೆ ತಗ್ಗಿಸಿ ಹೇಳಿದ. ಅವತ್ತಿನ ಭಂಡಾರವನ್ನು ಜತ್ತದ ಅಂಗಡಿಯಿಂದ ತಂದವನು ಅವನೇ. ಅಗ್ಗದ್ದು ಸಿಕ್ಕಿತೆಂದು ತಂದಿದ್ದ. ನಾನು ಮಷಿನ್ ಹೊರಿಸುತ್ತಿದ್ದಾಗ ಸಾಹೇಬರು ಬೆರಳು ತೋರಿಸಿ ಹೇಳಿದ್ದು ಇದನ್ನು: "ಹಿಟ್ಟ ಬೆರಸಿದ ಭಂಡಾರ ಹಾಕೀರಿ. ಶುದ್ಧ ಭಂಡಾರ ಇದ್ದಿದ್ರ ಮಷಿನ್‌ಗೆ ಏನೂ ಆಗ್ತಿರಲಿಲ್ಲ. ದೇವರಿಗೂ ಮೋಸ, ನನಗೂ ಮೋಸ."

"ಹಿಟ್ಟ ಇತ್ತರಿ ಅದರಾಗ" ಎಂದ ಮಾಳಪ್ಪ. "ಮನಿಗೆ ಹೋಗಿ ನಾಲಿಗಿ ಮ್ಯಾಲ ಹಾಕ್ಕೊಂಡ ನೋಡ್ದೆ. ದೇವರ ಸಿಟ್ಟಾದ. ಮಷಿನ್ ಹೋತು, ಆಮ್ಯಾಲ ಆಕೀನೂ ಹೋದಳು. ನನ್ನ ಕೈಯಾರೆ ಕಳಕೊಂಡೆ."

ಇಷ್ಟು ವರ್ಷ ಈ ಮನುಷ್ಯ ತನ್ನ ಹೆಂಡತಿಯನ್ನು ತಾನೇ ಕೊಂದೆನೆಂದು ನಂಬಿಕೊಂಡು ಕುರಿ ಕಾದಿದ್ದ. ಮಳೆಗೆ ತಿರುಗಿ ಬಂದ ಮೇಲೆ, ತಪ್ಪುಗಾಣಿಕೆಯೆಂದು ತನ್ನ ಹಿಂಡಿನ ಮುಂದಾಳನ್ನು, ಊರೆಲ್ಲ ಕೊಂಡಾಡುತ್ತಿದ್ದ ಗಿಳಿಮೂಗಿನ ಮಾಡಗ್ಯಾಳ ತಳಿಯ ಟಗರನ್ನು ಹೊಡೆದುಕೊಂಡು ಸಾಹೇಬರ ಮನೆಗೆ ಹೋಗಿದ್ದ. ಅದನ್ನು ಮರಿಯಿದ್ದಾಗ ಲಗಮವ್ವ ಕೈಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳಂತೆ.

"ಸಾಹೇಬ್ರು ಏನಂದ್ರು?"

"ಕಟ್ಟ ಅಂದ್ರು. ಹ್ವಾದದ್ದು ಹ್ವಾತು, ಮಾಫ್ ಮಾಡೀನಿ ನಡಿ ಅಂದ್ರು. ಆವತ್ತ ಅವರ ಮನ್ಯಾಗ ಕಮಿಟಿ ಊಟ ಇತ್ತರಿ, ಅದಕ್ಕ ಕೊಯ್ದ್ರು."

ವೇದಿಕೆಯ ಮೇಲೆ ಯಾರೋ ಅವರ ವಿಶಾಲ ಹೃದಯವನ್ನು ಹೊಗಳುತ್ತಿದ್ದರು. ನಾನು ಮಾಳಪ್ಪನಿಗೆ ಎಲ್ಲವನ್ನೂ ಹೇಳಿದೆ. ಹಿಟ್ಟಿರಲಿ, ಅಪ್ಪಟ ಅರಿಸಿನವಿರಲಿ, ಯಾವ ಪುಡಿ ಹಾಕಿದರೂ ಅದು ಕೆಡುತ್ತಿತ್ತು. ಒಳಗೆ ಫ್ಯಾನ್ ಇರುತ್ತದೆ, ಎಳೆದುಕೊಳ್ಳುತ್ತದೆ. ಹಾಕುವುದಕ್ಕೆ ಮುಂಚೆಯೇ ನಾನು ಅವರಿಗೆ ಹೇಳಿದ್ದೆ. ಹೊಚ್ಚಿದ ಬಟ್ಟೆ ತೆಗೆದವರು ಅವರು.

"ಸಾಹೇಬ್ರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಆಕೀದು ಖಾರದ್ದು?"

"ಖಾರದ್ದಲ್ಲಣ್ಣ. ಕುರಿ ಲಿವರಿನಾಗ ನೀರಗುಳ್ಳಿ ಇರತಾವಲ್ಲ, ಅಂಥದ್ದು. ಅವತ್ತೇ ನೋಡಿದ್ರ ಉಳೀತಿದ್ದಳು."

ಅವನು ಮುಖ ಒರೆಸಿಕೊಂಡ. ಅಳು ನಿಂತಿತ್ತು. ಆಮೇಲೆ ಎದ್ದು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಕುಳಿತವರ ನಡುವೆ ದಾರಿ ಮಾಡಿಕೊಳ್ಳುತ್ತ ವೇದಿಕೆಗೆ ನಡೆದ. ಕುರುಬ ಸಮಾಜದ ಪರವಾಗಿ ಎರಡು ಮಾತು ಎಂದು ನಿರೂಪಕ ಗೌರವದಿಂದ ಮೈಕನ್ನು ಅವನ ಕೈಗೆ ಕೊಟ್ಟ. ಮಾಳಪ್ಪ ಫೋಟೋದ ಕಡೆ ತಿರುಗಲಿಲ್ಲ. ಮೊದಲ ಸಾಲಿನಲ್ಲಿ ಕುಳಿತಿದ್ದ ಮಗನನ್ನು ನೋಡಿ ಹೇಳಿದ.

"ನಮ್ಮಾಕಿ ಸಾಕಿದ್ದ ಟಗರ ನಿಮ್ಮ ಅಪ್ಪನ ಕಡಿ ಐತಿ. ಅದನ್ನ ತಿರುಗಿ ಕೊಡ್ರಿ."

ಊರಿನ ಸರಪಂಚರು ಅವನ ತೋಳು ಹಿಡಿಯಲು ಹೋದರು, ಅವನು ಬಿಡಿಸಿಕೊಂಡ. ಮಗ ಎದ್ದು ನಿಂತು, ಮುಖ ಕೆಂಪಗೆ ಮಾಡಿಕೊಂಡು, ಅದರ ಬೆಲೆ ಎಷ್ಟಾಗುತ್ತದೋ ಕೊಡುತ್ತೇವೆ, ಈಗ ಕೆಳಗಿಳಿ ಎಂದ.

"ಬೆಲಿ ಬ್ಯಾಡ್ರಿ" ಎಂದ ಮಾಳಪ್ಪ ಮೈಕು ಬಿಡದೆ. "ಟಗರ ಬೇಕು."